ಮಾಡಿದ್ದೂ ಮಾಡದೆ ಬಿಟ್ಟದ್ದೂ

ಮಂಡ್ಯದಲ್ಲಿ ನನಗೊಬ್ಬ ಗೆಳೆಯರಿದ್ದಾರೆ. ನನ್ನಂತೆಯೇ ನಿವೃತ್ತ ಉಪಾಧ್ಯಾಯರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯರು. ಸಂಜೆಯ ಹೊತ್ತು ನಾವಿಬ್ಬರೂ ನಾಲೆಯ ಏರಿಯ ಮೇಲೆ ಒಂದು ಮೈಲಿ ನಡೆದು, ಅಲ್ಲಿರುವ ಸೇತುವೆಯ ಕಟ್ಟೆಯ ಮೇಲೆ ಸ್ವಲ್ಪ ಕುಳಿತು, ಬಂದ ದಾರಿಯಲ್ಲೇ ಹಿಂದಿರುಗುವುದು ವಾಡಿಕೆ. ಆಡುವ ಮಾತಿಗೆ ದೊಡ್ಡ ವಿಷಯವೇನೂ ಬೇಕಾಗಿಲ್ಲ. ಮಂಡಿನೋವು, ಮೊಮ್ಮಕ್ಕಳು, ಕನ್ನಂಬಾಡಿಯಲ್ಲಿ ನೀರು ಎಷ್ಟಡಿ ನಿಂತಿದೆ ಎಂಬುದು—ಮಂಡ್ಯದ ಸೀಮೆಯಲ್ಲಿ ಈ ಮೂರನೆಯದನ್ನು ಕೇಳದೆ ಯಾರ ಮಾತೂ ಮುಗಿಯುವುದಿಲ್ಲ. ಆದರೆ ಒಂದು ಸಂಜೆ ಗೆಳೆಯರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, ತಟಕ್ಕನೆ ಕೇಳಿದರು:

“ಇಷ್ಟು ವರ್ಷ ಬದುಕಿದಿರಲ್ಲ, ಮಾಡಿದ್ದಕ್ಕೆ ಹೆಚ್ಚು ಮರುಗಿದ್ದೀರೋ, ಮಾಡದೆ ಬಿಟ್ಟದ್ದಕ್ಕೋ?”

ಮೂವತ್ತನಾಲ್ಕು ವರ್ಷ ತರಗತಿಯ ಮುಂದೆ ನಿಂತವನಿಗೆ ಪ್ರಶ್ನೆ ಬಿದ್ದೊಡನೆ ಉತ್ತರ ಕೊಡುವ ಚಟ ಅಂಟಿರುತ್ತದೆ. “ಮಾಡಿದ್ದಕ್ಕೇ ಸ್ವಾಮಿ. ಮಾಡದ್ದಕ್ಕೆಲ್ಲ ಮರುಗುತ್ತ ಕುಳಿತರೆ ಅದಕ್ಕೆ ಕೊನೆಯುಂಟೇ?” ಎಂದೆ. ಅವರು ನಕ್ಕು, “ನಿನ್ನೆಯವರೆಗೆ ನಾನೂ ಹಾಗೆಯೇ ಎಣಿಸಿದ್ದೆ” ಎಂದರು. ಅದಕ್ಕೆ ಮುಂದೆ ಮಾತು ಬೆಳೆಸಲಿಲ್ಲ, ನಾನೂ ಕೆದಕಲಿಲ್ಲ.

ಆ ರಾತ್ರಿ ನಿದ್ರೆ ಸರಿಯಾಗಿ ಹತ್ತಲಿಲ್ಲ. ಮನಸ್ಸಿನಲ್ಲೇ ಎರಡು ಪಟ್ಟಿ ಬರೆಯತೊಡಗಿದೆ. ಮಾಡಿ ಮರುಗಿದ್ದರ ಪಟ್ಟಿ ಬೇಗ ಮುಗಿಯಿತು. ಆಡಬಾರದ ನಾಲ್ಕು ಮಾತು, ಕೊಡಬಾರದವರಿಗೆ ಕೊಟ್ಟ ಸಾಲ, ಒಂದು ಮನೆ ಕೊಂಡದ್ದು, ಒಬ್ಬ ಹುಡುಗನ ಕೆನ್ನೆಗೆ ಹೊಡೆದದ್ದು. ಇನ್ನೊಂದು ಪಟ್ಟಿಗೆ ಕೈ ಹಾಕಿದೆ. ಬೆಳಗಿನ ಜಾವದ ಕೋಳಿ ಕೂಗಿದರೂ ಅದು ಮುಗಿದಿರಲಿಲ್ಲ.

ಮರುದಿನ ಮಳವಳ್ಳಿಯಲ್ಲಿ ಬಂಧುಗಳ ಮನೆಯ ಮದುವೆ. ಮಂಡ್ಯದಿಂದ ಮಳವಳ್ಳಿಗೆ ರೈಲಿಲ್ಲ. ನೇರವಾಗಿ ಬಸ್ಸಿನಲ್ಲೇ ಹೋಗಬಹುದಾದರೂ, ಮದ್ದೂರಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯುವುದು ನನ್ನ ಹಳೆಯ ಅಭ್ಯಾಸ. ಮದ್ದೂರಿನಲ್ಲಿ ಆರು ವರ್ಷ, ಮಳವಳ್ಳಿಯ ಕಡೆ ಎಂಟು ವರ್ಷ ಪಾಠ ಹೇಳಿದವನು ನಾನು. ಆ ದಾರಿಯ ಎಡಬಲವೆಲ್ಲ ನನ್ನ ಲೆಕ್ಕದ ಪುಸ್ತಕವೇ.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿದರೆ ಕಬ್ಬು, ಬತ್ತ, ತೆಂಗು. ಈಗ ನೋಡುವವರಿಗೆ ಈ ನೆಲ ಸೃಷ್ಟಿಯಾದಾಗಲೇ ಹಸುರಾಗಿತ್ತೆಂದು ತೋರಬೇಕು. ನಮ್ಮ ತಾತನವರ ಕಾಲದಲ್ಲಿ ಇದೆಲ್ಲ ರಾಗಿ, ಹುರುಳಿಯ ಹೊಲ; ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಮೊದಲಾಗಿ ಎರಡು ದಶಕ ನಡೆಯಿತು. ಹುಲಿಕೆರೆಯ ಸುರಂಗವನ್ನು ಕೊರೆದು, ಆಗ ಇರ್ವಿನ್ ನಾಲೆಯೆಂದು ಕರೆದು ಈಗ ವಿಶ್ವೇಶ್ವರಯ್ಯ ನಾಲೆಯೆನ್ನುವ ಕಾಲುವೆಯನ್ನು ಈ ಮೂರು ತಾಲ್ಲೂಕುಗಳ ಬಯಲಿಗೆ ತಂದರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ನಮ್ಮ ತಾತ ನಾಲ್ಕು ಎಕರೆ ಹೊಲವನ್ನು ಮಗಳ ಮದುವೆಗೆಂದು ಮಾರಿದ್ದು 1929ರಲ್ಲಿ. ನಾಲೆಯ ಗುರುತುಗೂಟ ಆ ಹೊಲದ ಬದುವಿನಲ್ಲೇ ನೆಟ್ಟಿದ್ದರಂತೆ. “ಗೂಟಕ್ಕೆ ನೀರು ಬರುತ್ತದೆಯೇ?” ಎಂದು ಕೇಳಿ ಮಾರಿದರಂತೆ.

ಈ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳುವವರು ನಗುತ್ತಿದ್ದರು, ಕೇಳುವವರು ನಗುತ್ತಿದ್ದರು; ಕೊನೆಗಾಲದಲ್ಲಿ ತಾತನವರೂ ನಗುತ್ತಿದ್ದರಂತೆ. “ಗೂಟಕ್ಕೆ ನೀರು ಬರುತ್ತದೆಯೇ” ಎಂಬುದು ನಮ್ಮ ವಂಶದ ಗಾದೆಯಾಯಿತು. ನಾಲ್ಕು ಎಕರೆ ಗದ್ದೆ ಹೋದದ್ದು ಸಣ್ಣ ನಷ್ಟವಲ್ಲ. ಆದರೂ ಆ ಗಾಯ ಮಾಯಿತು. ಮದುವೆಯಾದ ಅತ್ತೆ ಚೆನ್ನಾಗಿ ಬಾಳಿದರು, ಅವರ ಮಕ್ಕಳು ನಮ್ಮ ಮನೆಯಲ್ಲಿ ಓದಿದರು, ಹೊಲ ಕೊಂಡವರು ಪ್ರತಿ ಸಂಕ್ರಾಂತಿಗೆ ಕಬ್ಬಿನ ಜಲ್ಲೆ ಕಳುಹಿಸುತ್ತಿದ್ದರು. ಮಾಡಿದ ಕೆಲಸಕ್ಕೆ ಹೀಗೆ ಬಾಲವೊಂದು ಬೆಳೆಯುತ್ತದೆ. ಆ ಬಾಲದಲ್ಲಿ ಒಳ್ಳೆಯದೂ ಸ್ವಲ್ಪ ಸೇರಿಕೊಳ್ಳುತ್ತದೆ. (ಹೊಲ ಮಾರಿದ್ದು ಮಾಡಿದ ತಪ್ಪೋ, ಉಳಿಸಿಕೊಳ್ಳದೆ ಹೋದ ತಪ್ಪೋ ಎಂದು ತರ್ಕಶಾಸ್ತ್ರದವರು ಕೇಳಬಹುದು. ಕೇಳಲಿ. ನಮ್ಮ ತಾತ ಅದನ್ನು ಮಾರಿದ ತಪ್ಪೆಂದೇ ತಿಳಿದಿದ್ದರು.)

ನಗಲಾಗದ ಕಥೆಯೊಂದೂ ನಮ್ಮ ಮನೆಯಲ್ಲಿತ್ತು. ಅದು ತಂದೆಯವರದು, ನಡೆದದ್ದು ಮದ್ದೂರಿನಲ್ಲಿ. ಸರಿಯಾಗಿ ಹೇಳುವುದಾದರೆ, ಮದ್ದೂರಿನಲ್ಲಿ ನಡೆಯದೆ ಹೋದದ್ದು.

ಮದ್ದೂರಿಗೆ ಅಂಟಿಕೊಂಡಂತೆ ಶಿವಪುರವಿದೆ. 1938ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಸೇರಿತು. ಕಾಂಗ್ರೆಸ್ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರದ ಆಜ್ಞೆ. ಹಾರಿಸಿಯೇ ಸಿದ್ಧವೆಂದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರೂ ಅವರ ಜೊತೆಗಾರರೂ ನಿಂತರು, ಹಾರಿಸಿದರು, ಬಂಧನಕ್ಕೊಳಗಾದರು. ಸುತ್ತಿನ ಹಳ್ಳಿಗಳಿಂದ ಸಾವಿರಾರು ಜನ ನಡೆದುಕೊಂಡು ಬಂದಿದ್ದರು. ಅದೇ ತಿಂಗಳ 25ರಂದು ಕೋಲಾರದ ಕಡೆಯ ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಬಳಿಕ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದೆಂದಾಯಿತು.

ಆಗ ನಮ್ಮ ತಂದೆಯವರಿಗೆ 17 ವರ್ಷ. ಶಿವಪುರಕ್ಕೆ ನಾಲ್ಕು ಮೈಲಿಯ ನಮ್ಮ ಹಳ್ಳಿಯಲ್ಲಿ ತಾತನವರು ಪಟೇಲರು. ಪಕ್ಕದ ಮನೆಯ ಗೆಳೆಯ ಬೆಳಗಿನ ಜಾವ ಕಿಟಕಿಯ ಬಳಿ ಬಂದು ಕರೆದ. ತಂದೆಯವರು ಎದ್ದರು, ಮುಖ ತೊಳೆದರು, ಅಂಗಿ ತೊಟ್ಟರು. ಪಡಸಾಲೆಯಲ್ಲಿ ತಾತನವರು ಎಚ್ಚರವಾಗಿಯೇ ಕುಳಿತಿದ್ದರು. “ಹೋಗುವುದಾದರೆ ಹೋಗು. ಪಟೇಲಿಕೆ ಹೋಯಿತೆಂದು ನಿನ್ನ ತಾಯಿಗೂ ಹೇಳಿ ಹೋಗು” ಎಂದರಂತೆ. ತಂದೆಯವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಆ ದಿನವೆಲ್ಲ ದನದ ಕೊಟ್ಟಿಗೆಯಲ್ಲಿ ಕುಳಿತು, ದಾರಿಯಲ್ಲಿ ಜಯಕಾರ ಕೂಗುತ್ತ ಹೋಗುವವರ ಸದ್ದು ಕೇಳಿದರು.

ಆಮೇಲೆ ಅವರು ಸರ್ಕಾರದ ಗುಮಾಸ್ತರಾದರು. ಮರ್ಯಾದೆಯಿಂದ ಸಂಸಾರ ನಡೆಸಿ ಎಲ್ಲ ಮಕ್ಕಳನ್ನೂ ಓದಿಸಿದರು. ಯಾವ ದೃಷ್ಟಿಯಿಂದ ನೋಡಿದರೂ ಸೋತ ಬಾಳಲ್ಲ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ ಸತ್ಯಾಗ್ರಹಿಗಳಿಗೆ ತಾಮ್ರಪತ್ರ ಕೊಟ್ಟರು. ಪಕ್ಕದ ಮನೆಯ ಗೆಳೆಯರಿಗೂ ಬಂತು. ತಂದೆಯವರು ಹಾರ ತೆಗೆದುಕೊಂಡು ಹೋಗಿ ಹಾಕಿ, ತಾಮ್ರಪತ್ರವನ್ನು ಕೈಯಲ್ಲಿ ಹಿಡಿದು ಓದಿ, ಮನೆಗೆ ಬಂದು ಊಟ ಬೇಡವೆಂದು ಮಲಗಿದರು.

ವಯಸ್ಸಾದಂತೆ ಆ ಕಥೆ ಬೆಳೆಯಿತು. ಮೊದಮೊದಲು, “ಹೋಗಿದ್ದರೆ ನಾನೂ ನೋಡಬಹುದಾಗಿತ್ತು” ಎನ್ನುತ್ತಿದ್ದರು. ಆಮೇಲೆ, “ಹೋಗಿದ್ದರೆ ನಾನೂ ಜೈಲು ಕಾಣುತ್ತಿದ್ದೆ” ಎಂದಾಯಿತು. ಕಡೆಕಡೆಗೆ, ಧ್ವಜಕ್ಕೆ ಕೈ ಹಚ್ಚುವವರ ಸಾಲಿನಲ್ಲೇ ಅವರು ನಿಂತುಬಿಟ್ಟಿರುತ್ತಿದ್ದರು. ನಮ್ಮ ತಾಯಿ ಒಳಗಿನಿಂದಲೇ, “ಹೋಗಿದ್ದರೆ ಎರಡನೆಯ ದಿನವೇ ಸಾರು ಸಪ್ಪೆಯೆಂದು ಹಿಂದಕ್ಕೆ ಬರುತ್ತಿದ್ದಿರಿ” ಎನ್ನುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ತಂದೆಯವರು ಮಾತ್ರ ನಗುತ್ತಿರಲಿಲ್ಲ. 1991ರಲ್ಲಿ ತೀರಿಕೊಳ್ಳುವುದಕ್ಕೆ ಹತ್ತು ದಿನ ಮುಂಚೆ ನನ್ನನ್ನು ಕರೆದು, “ಅವನು ಬೈಯುತ್ತಿದ್ದನೇ ಹೊರತು ಪಟೇಲಿಕೆ ಹೋಗುತ್ತಿರಲಿಲ್ಲ ಕಣೋ” ಎಂದರು. ‘ಅವನು’ ಎಂದರೆ ತಾತನವರು. ಐವತ್ತಮೂರು ವರ್ಷದ ಮೇಲೆ ಆ ಪಡಸಾಲೆಯ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಿದ್ದರು.

ರೈಲಿನಲ್ಲಿ ಇದೆಲ್ಲ ನೆನಪಾಗಲು ಕಾರಣ, ಗೆಳೆಯರ ಪ್ರಶ್ನೆಯನ್ನು ಪಂಡಿತರೂ ಕೇಳಿದ್ದಾರೆಂದು ನಾನು ಓದಿದ್ದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಏಮಸ್ ಟ್ವರ್ಸ್ಕಿ ಎಂಬಿಬ್ಬರು 1982ರಲ್ಲಿ ಜನರ ಮುಂದೆ ಒಂದು ಸಣ್ಣ ಕಥೆ ಇಟ್ಟರು. ಒಬ್ಬ ತನ್ನಲ್ಲಿದ್ದ ಕಂಪನಿಯ ಷೇರು ಮಾರಿ ಬೇರೊಂದನ್ನು ಕೊಂಡ. 1,200 ಡಾಲರ್ ಕಳೆದುಕೊಂಡ. ಇನ್ನೊಬ್ಬ ಬದಲಾಯಿಸೋಣವೆಂದುಕೊಂಡು ಸುಮ್ಮನಾದ. ಅವನಿಗೂ ಅಷ್ಟೇ ನಷ್ಟ. ಯಾರಿಗೆ ಹೆಚ್ಚು ಸಂಕಟ? ಕೇಳಿದವರೆಲ್ಲ ಹೆಚ್ಚುಕಡಿಮೆ ಒಂದೇ ದನಿಯಲ್ಲಿ, ಮಾರಿ ಕೊಂಡವನಿಗೆ ಎಂದರು. ನಾನು ನಾಲೆಯ ಮೇಲೆ ಕೊಟ್ಟ ಉತ್ತರವೂ ಅದೇ. ಆದರೆ ಮುಂದೆ, 1990ರ ದಶಕದಲ್ಲಿ, ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರು: ಕಳೆದ ವಾರವಲ್ಲ, ಇಡೀ ಬಾಳನ್ನು ಹಿಂದಿರುಗಿ ನೋಡಿದರೆ? ಆಗ ಉತ್ತರ ತಿರುಗಿಬಿತ್ತು. ಬಹುಮಂದಿಗೆ ನೆನಪಾದದ್ದು ಮಾಡದೆ ಬಿಟ್ಟದ್ದು. ಬಾಲ್ಯದಿಂದಲೂ ಬುದ್ಧಿವಂತರೆಂದು ಗುರುತಿಸಿ ಕ್ಯಾಲಿಫೋರ್ನಿಯದಲ್ಲಿ 1921ರಿಂದ ಹಿಂಬಾಲಿಸಿಕೊಂಡು ಬಂದಿದ್ದ ಮಂದಿಯನ್ನು ಮುದುಕರಾದ ಮೇಲೆ ಕೇಳಿದಾಗಲೂ ಹಾಗೆಯೇ. ಚೀನ, ಜಪಾನ್, ರಷ್ಯಗಳಲ್ಲಿ ಕೇಳಿದಾಗಲೂ ಹಾಗೆಯೇ.

ಕಾರಣವನ್ನೂ ಅವರು ಹುಡುಕಿದ್ದಾರೆ. ಅದರಲ್ಲೊಂದು ನನ್ನನ್ನು ತಟ್ಟಿತು. ಒಂದು ಕೆಲಸಕ್ಕೆ ಹಿಂಜರಿದಾಗ ನಮ್ಮ ಮುಂದೆ ಅಡ್ಡಿಯೊಂದು ಬೆಟ್ಟದಂತೆ ನಿಂತಿರುತ್ತದೆ. ಕಾಲ ಕಳೆದಂತೆ ಬೆಟ್ಟ ಸವೆದು ಗುಡ್ಡವಾಗುತ್ತದೆ, ಗುಡ್ಡ ಕಲ್ಲಾಗುತ್ತದೆ. ಕೊನೆಗೆ, ಇಷ್ಟು ಸಣ್ಣ ಕಲ್ಲನ್ನು ದಾಟದೆ ಹೋದೆನಲ್ಲ ಎಂಬ ಅಚ್ಚರಿಯೊಂದೇ ಉಳಿಯುತ್ತದೆ. ನಮ್ಮ ತಂದೆಯವರ ಪಡಸಾಲೆಯಲ್ಲಿ ಆದದ್ದು ಇದೇ.

ಇದನ್ನು ಅಮೆರಿಕದವರು ಬಂದು ಹೇಳಬೇಕಾಗಿತ್ತೇ ಎಂದು ಸಂಸ್ಕೃತ ಬಲ್ಲ ವಾಚಕರು ಕೇಳಬಹುದು. ನಿಜ, ತೈತ್ತಿರೀಯೋಪನಿಷತ್ತಿನಲ್ಲಿ ಮನುಷ್ಯನನ್ನು ಸುಡುವ ಎರಡು ಯೋಚನೆಗಳ ಮಾತು ಬರುತ್ತದೆ. ಒಂದು ಮಾಡದ ಒಳಿತಿನದು, ಇನ್ನೊಂದು ಮಾಡಿದ ಕೆಡುಕಿನದು. ಮಾಡದ ಒಳಿತನ್ನು ಅಲ್ಲಿ ಮೊದಲು ಹೆಸರಿಸಿದೆ. ವಿದ್ಯಾರ್ಥಿಯಾಗಿದ್ದಾಗ ಓದಿ ಪರೀಕ್ಷೆಯಲ್ಲಿ ಬರೆದಿದ್ದೇನೆ. ಯಾವುದು ಮೊದಲು ಬಂದಿದೆ ಎಂಬುದನ್ನು ಅರವತ್ತು ದಾಟಿದ ಮೇಲೆ ಗಮನಿಸಿದೆ.

ಮದ್ದೂರಿನಲ್ಲಿ ಇಳಿದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಆಟೋ ಹಿಡಿದು ಶಿವಪುರದ ಸತ್ಯಾಗ್ರಹ ಸೌಧದವರೆಗೆ ಹೋಗಿ ಬಂದೆ. ಅಲ್ಲಿ ಐದು ನಿಮಿಷ ನಿಂತೆನಷ್ಟೆ. ತಂದೆಯವರ ಪರವಾಗಿ ನಿಲ್ಲುವುದೂ ಸುಲಭವಲ್ಲ.

ಈ ಊರಿನಲ್ಲೇ ನನ್ನ ಪಟ್ಟಿಯ ಮೊದಲನೆಯದು, ಆ ಹುಡುಗನ ಕೆನ್ನೆ. 1976ನೆಯ ಇಸವಿ. ತರಗತಿಯಲ್ಲಿ ಒಬ್ಬನ ಕಂಪಾಸ್ ಪೆಟ್ಟಿಗೆ ಕಾಣೆಯಾಯಿತು. ಪಕ್ಕದಲ್ಲಿ ಕುಳಿತಿದ್ದ ಹುಡುಗನ ಅಂಗಿ ಹರಿದಿತ್ತು. ನನ್ನ ಅನುಮಾನಕ್ಕೆ ಬೇರೆ ಸಾಕ್ಷಿ ಇರಲಿಲ್ಲ. ನಲವತ್ತು ಮಕ್ಕಳ ಮುಂದೆ ಹೊಡೆದೆ. ಮರುದಿನ ಪೆಟ್ಟಿಗೆ ಅದರ ಒಡೆಯನ ಮನೆಯಲ್ಲೇ ಸಿಕ್ಕಿತು. ಹುಡುಗ ಆ ವರ್ಷವೇ ಶಾಲೆ ಬಿಟ್ಟ. ಹೊಡೆತದಿಂದಲ್ಲ, ಬಡತನದಿಂದ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಹನ್ನೆರಡು ವರ್ಷ ಆ ಕೈ ಉರಿಯಿತು. ಕೊನೆಗೆ ವಿಚಾರಿಸಿ ಹುಡುಕಿದಾಗ ಆತ ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಹೋಗಿ, ನಾಲ್ಕು ಜನರ ಮುಂದೆ, ತಪ್ಪಾಯಿತಪ್ಪ ಎಂದೆ. ಅವನು ಗಾಬರಿಯಿಂದ ಎದ್ದು ನಿಂತು, “ಅಯ್ಯೋ ಬುಡಿ ಸಾ, ನೀವು ಹೊಡ್ದಿದ್ದು ನಂಗೆ ಗ್ಯಾಪಕವೇ ಇಲ್ಲ. ಲೆಕ್ಕದ ಮೇಷ್ಟ್ರು ಹೊಡ್ದಿದ್ದು ಗ್ಯಾಪಕ ಅದೆ” ಎಂದ. ಒಂದು ಅಚ್ಚು ಬೆಲ್ಲ ಕಾಗದದಲ್ಲಿ ಸುತ್ತಿ ಕೈಗಿತ್ತ. ಮರೆತದ್ದು ನಿಜವೋ, ನನ್ನ ಮುಖ ನೋಡಿ ಹಾಗೆಂದನೋ ತಿಳಿಯದು. ಹೇಗಾದರೂ ಬಾಕಿ ತೀರಿತು. ಅಂದಿನಿಂದ ಕೈ ಉರಿಯಲಿಲ್ಲ.

ಹೀಗೆ, ಮಾಡಿದ ತಪ್ಪಿಗೆ ಒಂದು ವಿಳಾಸವಿರುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಹುಡುಕಿಕೊಂಡು ಹೋಗಬಹುದು, ತಲೆ ಬಾಗಬಹುದು, ಬೈಸಿಕೊಳ್ಳಬಹುದು, ಬೆಲ್ಲ ತರಬಹುದು. ಮಾಡದೆ ಬಿಟ್ಟದ್ದಕ್ಕೆ ವಿಳಾಸವಿಲ್ಲ. ಯಾರ ಬಳಿ ಹೋಗಿ, “ನಿಮಗೆ ನಾನು ಏನನ್ನೂ ಮಾಡಲಿಲ್ಲ, ಕ್ಷಮಿಸಿ” ಎನ್ನುವುದು? ನಮ್ಮ ತಂದೆಯವರು ಹೋಗದಿದ್ದುದಕ್ಕೆ ಶಿವಪುರದಲ್ಲಿ ಯಾರು ನೊಂದರು? ಆ ಜನಸಾಗರದಲ್ಲಿ ಒಬ್ಬ ಹುಡುಗ ಕಡಿಮೆಯಾದದ್ದು ಯಾರಿಗೂ ತಿಳಿಯಲಿಲ್ಲ. ಅದಕ್ಕೇ ಅವರ ಅಳಲಿಗೆ ಹೋಗಿ ನಿಲ್ಲಲು ಒಂದು ಬಾಗಿಲಿರಲಿಲ್ಲ. ಈ ತೀರ್ಮಾನ ನನಗೆ ಚೆನ್ನಾಗಿಯೇ ಕಂಡಿತು. ಇದನ್ನೇ ಗೆಳೆಯರಿಗೆ ಹೇಳಬೇಕೆಂದುಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ.

ಮದ್ದೂರಿನ ಪಕ್ಕದಲ್ಲಿ ಹರಿಯುವ ಶಿಂಷೆಯನ್ನು ಹಿಂದಿನವರು ಮದ್ದೂರು ಹೊಳೆಯೆಂದೇ ಕರೆದರು. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣಕ್ಕೆಂದು ಬಂದು ಈ ಹೊಳೆಯನ್ನು ದಾಟಿತು. ಟಿಪ್ಪು ಇಲ್ಲಿ ತಡೆಯಲಿಲ್ಲ. ಮಳವಳ್ಳಿಯ ಬಯಲಿನಲ್ಲಿ 27ನೆಯ ತಾರೀಖು ಎದುರಾಗಿ ಹಿಂಜರಿದ. ಇಂಗ್ಲಿಷರ ಸೈನ್ಯ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಮುಂದೆ ಹೋಯಿತು. ಮೇ 4ರಂದು ಕೋಟೆ ಬಿತ್ತು. ಹೊಳೆಯ ದಡದಲ್ಲೇ ನಿಂತು ತಡೆಯಬೇಕಾಗಿತ್ತು, ಅವಕಾಶ ಕಳೆದುಕೊಂಡ ಎಂದು ಆ ಯುದ್ಧದ ಚರಿತ್ರೆ ಬರೆದವರು ಟೀಕಿಸಿದ್ದಾರೆ. ಇರಬಹುದು. ಹೊಳೆಯ ದಡದಲ್ಲಿ ನಿಂತಿದ್ದರೆ ಅಲ್ಲಿಯೇ ಸೋಲುತ್ತಿದ್ದನೋ ಏನೋ. ಆಗ ಅದೇ ಚರಿತ್ರಕಾರರು ಬಯಲಿನಲ್ಲಿ ಎದುರಿಸಬೇಕಾಗಿತ್ತು ಎಂದು ಬರೆಯುತ್ತಿದ್ದರು. ಮಳವಳ್ಳಿಯ ಯುದ್ಧದಲ್ಲಿ ಟಿಪ್ಪು ಸೋತ. ಮದ್ದೂರು ಹೊಳೆಯ ಯುದ್ಧದಲ್ಲಿ, ಅದು ನಡೆಯಲೇ ಇಲ್ಲವಾದ್ದರಿಂದ, ಸೋಲಿಲ್ಲ. ನಮ್ಮ ತಂದೆಯವರ ಧ್ವಜವೂ ಅಂಥದೇ. ಮಾಡದೆ ಬಿಟ್ಟದ್ದಕ್ಕೆ ಅಳುವಾಗ ನಾವು ಗುಟ್ಟಾಗಿ ನಮ್ಮನ್ನೇ ಹೊಗಳಿಕೊಳ್ಳುತ್ತಿರುತ್ತೇವೆ. ಈ ಮಾತನ್ನು ತಂದೆಯವರ ಮೇಲೆ ಹೇಳಿ ನಿಲ್ಲಿಸಿದರೆ ನ್ಯಾಯವಾಗದು. ಬಸ್ಸು ಕೆ.ಎಂ. ದೊಡ್ಡಿ ದಾಟುತ್ತಿತ್ತು, ನನ್ನ ಪಟ್ಟಿಯ ಎರಡನೆಯ ಭಾಗ ಎದುರಿಗೆ ಬರುತ್ತಿತ್ತು.

1983ರಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಆ ವರ್ಷ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಆ ಶಾಲೆಯಲ್ಲಿ ಹೆಣ್ಣುಮಕ್ಕಳು ಅಷ್ಟು ಅಂಕ ತೆಗೆದದ್ದು ಅದೇ ಮೊದಲು. ಲೆಕ್ಕದಲ್ಲಿ ನಾನು ಹಾಕಿದ ದಾರಿಗಿಂತ ಚಿಕ್ಕ ದಾರಿ ಕಂಡುಹಿಡಿದು, ತೋರಿಸಲು ಹೆದರಿ, ಪಟ್ಟಿಯ ಅಂಚಿನಲ್ಲಿ ಬರೆದಿಡುತ್ತಿದ್ದಳು. ಫಲಿತಾಂಶವಾದ ಮೇಲೆ ಟಿ.ಸಿ. ತೆಗೆದುಕೊಳ್ಳಲು ಬಂದಳು. ಸಹಿ ಹಾಕಿ ಕೊಟ್ಟೆ. ತೆಗೆದುಕೊಂಡು ಹೋಗಲಿಲ್ಲ; ಮೇಜಿನ ಅಂಚು ಹಿಡಿದು ನಿಂತಿದ್ದಳು. “ಸಾ, ಸೋದರಮಾವನಿಗೆ ಕೊಡ್ತಾರಂತೆ. ಅಪ್ಪನ ಕುಟೆ ಒಂದ್ ಮಾತು ಹೇಳ್ತೀರಾ?” ಎಂದಳು. ಅವಳಿಗೆ ಹದಿನಾರು. ಹೆಣ್ಣಿಗೆ ಹದಿನೆಂಟಾಗದೆ ಮದುವೆ ಕೂಡದೆಂದು 1978ರಲ್ಲೇ ಕಾನೂನಾಗಿತ್ತು. ಅದನ್ನು ತರಗತಿಯಲ್ಲಿ ಹೇಳಿದವನೂ ನಾನೇ. “ಭಾನುವಾರ ಬರುತ್ತೇನಮ್ಮ” ಎಂದೆ.

ಭಾನುವಾರ ಮಳೆ ಬಂತು. ಅವಳ ಹಳ್ಳಿ ಮೂರು ಮೈಲಿ. ಕೊಡೆ ಇತ್ತು, ಸೈಕಲ್ಲೂ ಇತ್ತು. ನಿಜ ಹೇಳಬೇಕೆಂದರೆ ಮಳೆಗೆ ಮುಂಚೆಯೇ ನಾನು ಹಿಂಜರಿದಿದ್ದೆ. ಉಪಾಧ್ಯಾಯರ ಕೋಣೆಯಲ್ಲಿ ಒಬ್ಬರು, “ವಯಸ್ಸಿಗೆ ಬಂದ ಹುಡುಗಿಯ ವಿಷಯ, ಊರವರು ನಾಲ್ಕು ಮಾತಾಡಿದರೆ ನಿಮ್ಮ ಮರ್ಯಾದೆಯೇನು?” ಎಂದಿದ್ದರು. ಅವಳ ತಂದೆ ಮುಂಗೋಪಿಯೆಂದು ಕೇಳಿದ್ದೆ. ಮಳೆ ನನಗೆ ಉಪಕಾರವನ್ನೇ ಮಾಡಿತು. ಜಗಲಿಯಲ್ಲಿ ಕುಳಿತು ಪತ್ರಿಕೆಯ ಭಾನುವಾರದ ಪುಟ ಓದಿದೆ—ಈಗ ತಾವು ಓದುತ್ತಿರುವಂಥ ಪುಟವನ್ನೇ. ಸಾಹಿತ್ಯ ಮತ್ತು ಜೀವನವೆಂದೋ ಏನೋ ಒಂದು ಲೇಖನ ಬಹಳ ಹಿಡಿಸಿತ್ತು. ಮುಂದಿನ ಭಾನುವಾರ ಮತ್ತೇನೋ ಅಡ್ಡಿ. ಅದರ ಮುಂದಿನ ವಾರ ಮದುವೆಯಾಗಿ ಹೋಯಿತೆಂದು ಕೇಳಿದೆ.

ಎಷ್ಟೋ ರಾತ್ರಿ ನಾನು ಆ ಮೂರು ಮೈಲಿ ಸೈಕಲ್ ತುಳಿದಿದ್ದೇನೆ. ಆ ಪ್ರಯಾಣದಲ್ಲಿ ಅವಳ ತಂದೆ ಮೊದಲು ಗದರುತ್ತಾನೆ, ಆಮೇಲೆ ತಲೆ ತಗ್ಗಿಸುತ್ತಾನೆ; ಹುಡುಗಿ ಕಾಲೇಜು ಸೇರುತ್ತಾಳೆ; ಒಂದೊಂದು ಸಲ ಎಂಜಿನಿಯರಾಗುತ್ತಾಳೆ. ಪ್ರತಿ ಸಲವೂ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ.

ಮದುವೆಯ ಊಟ ಮುಗಿಸಿ ಮೂರು ಗಂಟೆಗೆ ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕೈಚೀಲ, ಎಳನೀರಿನ ಗೊಂಚಲು ಹಿಡಿದಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಕೂದಲು ನರೆತಿತ್ತು. ಬಳಿಗೆ ಬಂದು ಹೆಸರು ಹಿಡಿದೇ ಕೇಳಿ, “ಚೆಂದಾಗಿದ್ದೀರಾ ಸಾ? ನನ್ನ ಗುರ್ತು ಸಿಗ್ನಿಲ್ವಾ?” ಎಂದಳು. ಸಿಕ್ಕಿತು. ಮೇಜಿನ ಅಂಚು ಹಿಡಿದಂತೆಯೇ ಚೀಲದ ಬಾಯಿ ಹಿಡಿದಿದ್ದಳು.

ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳನ್ನು ಡಿಗ್ರಿ ಓದಿಸಿದ್ದಾಳೆ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು, ಒಳ್ಳೆಯವರು. ಅಪ್ಪ ಹೋಗಿ ಬಹಳ ವರ್ಷವಾಯಿತು. ಇದನ್ನೆಲ್ಲ ಹೇಳಿ, ಏನೋ ಜ್ಞಾಪಕ ಬಂದವಳಂತೆ ನಕ್ಕಳು.

“ಅವತ್ತು ಭಾನುವಾರ ಬತ್ತೀನಿ ಅಂದಿದ್ರಿ ಸಾ. ಅವ್ವ ಒಬ್ಬಟ್ಟು ಮಾಡಿದ್ಲು. ಮೇಷ್ಟ್ರು ಕೋಳಿ ತಿಂತಾರೋ ಇಲ್ವೋ ಅಂತ ಒಬ್ಬಟ್ಟು ಮಾಡಿದ್ಲು. ಅಪ್ಪನೂ ಎಲ್ಲೂ ಹೋಗ್ನಿಲ್ಲ. ಮಧ್ಯಾನದಗಂಟ ಶರಟು ಹಾಕ್ಕೊಂಡು ಜಗುಲಿ ಮ್ಯಾಲೇ ಕೂತಿದ್ದ.”

ನನ್ನ ವಿಳಾಸದ ಸಿದ್ಧಾಂತ ಅಲ್ಲಿಗೆ ನೆಲ ಕಚ್ಚಿತು. ನಾನು ನನ್ನ ಜಗಲಿಯಲ್ಲಿ ಕುಳಿತು ಪತ್ರ ಓದುತ್ತಿದ್ದ ಹೊತ್ತಿಗೆ, ಮೂರು ಮೈಲಿಯಾಚೆ ಮುಂಗೋಪಿಯೊಬ್ಬ ಶರಟು ಹಾಕಿಕೊಂಡು ತನ್ನ ಜಗಲಿಯಲ್ಲಿ ಕುಳಿತಿದ್ದ. ನಲವತ್ತು ವರ್ಷ ನಾನು ಆ ಭಾನುವಾರಕ್ಕೆ ಮರುಗಿದ್ದೆನಲ್ಲ, ಆ ಮರುಕದಲ್ಲೆಲ್ಲ ಇದ್ದವನು ನಾನೊಬ್ಬನೇ: ನಾನು ಕಳೆದುಕೊಂಡ ಅವಕಾಶ, ನಾನು ಆಡದೆ ಬಿಟ್ಟ ಮಾತು. ಆ ಮನೆಯ ಒಲೆಯ ಮೇಲೆ ಹೆಂಚಿಟ್ಟು ಒಬ್ಬರು ಒಬ್ಬಟ್ಟು ಬೇಯಿಸಿದ್ದರೆಂಬುದು ನನ್ನ ಕಲ್ಪನೆಗೆ ಒಂದು ಸಲವೂ ಬಂದಿರಲಿಲ್ಲ.

“ತಪ್ಪಾಯಿತಮ್ಮ” ಎಂದೆ. ಬೆಲ್ಲದ ಮಂಡಿಯಲ್ಲಿ ಆಡಿದಷ್ಟು ಸ್ಪಷ್ಟವಾಗಿ ಆ ಮಾತು ಬರಲಿಲ್ಲ. “ಅಯ್ಯೋ, ಮಳೆ ಬಂತಲ್ಲ ಸಾ” ಎಂದಳು. ಮಳೆಯನ್ನು ಅವಳು ಇನ್ನೂ ನಂಬಿದ್ದಳು.

“ನಾನು ಬಂದಿದ್ದರೆ ನಿಮ್ಮಪ್ಪ ಒಪ್ಪುತ್ತಿದ್ದರೇ?” ಎಂದು ಕೇಳಿದೆ. ಕೇಳಬಾರದಿತ್ತೋ ಏನೋ. ಅವಳು ಲೆಕ್ಕ ಬಿಡಿಸುವಾಗ ಮಾಡುತ್ತಿದ್ದಂತೆ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಯಾರಿಗ್ ಗೊತ್ತು ಸಾ? ಒಪ್ತಿರ್ನಿಲ್ವೇನೋ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಆದ್ರೂ ಕೂತಿದ್ದ” ಎಂದಳು.

ಅವಳ ಬಸ್ಸು ಬಂತು. ಎಳನೀರಿನ ಗೊಂಚಲನ್ನು ನಾನು ಎತ್ತಿಕೊಟ್ಟೆ. ಬೇಡವೆಂದರೂ ಅದರಲ್ಲೊಂದನ್ನು ಕಿತ್ತು ಕಿಟಕಿಯಿಂದ ನನ್ನ ಕೈಗಿಟ್ಟಳು. ಆಮೇಲೆ ಎಷ್ಟು ಭಾನುವಾರ ಕಾದಿರಿ ಎಂದು ಕೇಳಬೇಕೆಂದಿದ್ದೆ. ಕಂಡಕ್ಟರು ಸೀಟಿ ಊದಿದ.

ಮರುದಿನ ಸಂಜೆ ನಾಲೆಯ ಏರಿಯ ಮೇಲೆ ಗೆಳೆಯರಿಗೆ ಇದನ್ನೆಲ್ಲ ಹೇಳಿದೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ಹೇಳಿ ಮುಗಿಸಿ, “ನಿಮ್ಮದೇನು?” ಎಂದೆ. ಅವರು ಸೇತುವೆಯ ಕಟ್ಟೆಯ ಮೇಲೆ ಸ್ವಲ್ಪ ಸರಿದು ಕುಳಿತು, ಹೇಳಲು ಮೊದಲು ಮಾಡಿದರು. ಆ ಕಥೆ ಅವರದು. ಅದನ್ನು ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ನಾವು ಏರಿ ಇಳಿದಾಗ ಊರಿನಲ್ಲಿ ದೀಪ ಹತ್ತಿ ಬಹಳ ಹೊತ್ತಾಗಿತ್ತು.